ಅಕ್ಷರವಿಲ್ಲದ ಕೊಂಬು

"ಇದನ್ನ ಇಷ್ಟು ಚೆನ್ನಾಗಿ ತಿಕ್ಕಿದ್ದು ಯಾರಮ್ಮಾ?" ಕಣ್ಣಿಗೆ ಹಿಡಿದ ಭೂತಗನ್ನಡಿಯನ್ನು ಇಳಿಸದೆಯೇ ವಸ್ತುಸಂಗ್ರಹಾಲಯದ ಪರೀಕ್ಷಕರು ಕೇಳಿದರು.

"ನಾನೇ ಸಾರ್! ಐವತ್ತು ವರ್ಷದಿಂದ ಒಂದು ವಾರಾನೂ ತಪ್ಪಿಸಿಲ್ಲ," ಎಂದು ಮುದುಕಿ ಹಿಗ್ಗಿದಳು. ಅದು ಅವಳ ಅಪ್ಪ ಕೈಯಾರೆ ಮಾಡಿದ ಹಿತ್ತಾಳೆ ಕಹಳೆ. "ಅಪ್ಪ ಕಾರ್ಖಾನೇಲಿ ಬರೀ ಬೆಸುಗೆ ಹಾಕ್ತಿದ್ದ, ಕಹಳೆ ಮಾಡೋಕೆ ಅವನಿಗೆಲ್ಲಿ ಬರ್ತಿತ್ತು?" ಎಂದು ಮೂಗು ಮುರಿಯುವ ತಮ್ಮನ ಬಾಯಿ ಮುಚ್ಚಿಸಲೆಂದೇ ಅದನ್ನು ಮಗುವಿನಂತೆ ಅವುಚಿಕೊಂಡು ಬಂದಿದ್ದಳು. ಕಹಳೆಯ ಅಗಲ ಬಾಯಿಯ ಅಂಚಿನಲ್ಲಿ ಅಪ್ಪ ತನ್ನ ಹೆಸರನ್ನೂ ಇಸವಿಯನ್ನೂ ಕೆತ್ತಿದ್ದ.

ಪರೀಕ್ಷಕರು ಆ ಅಂಚಿನ ಮೇಲೆ ಹಾ ಎಂದು ಉಸಿರು ಬಿಟ್ಟರು. ಆವಿಯಲ್ಲಿ ಒಂದೇ ಒಂದು ಉಕಾರದ ಕೊಂಬು ಮೂಡಿತು. ಅದರ ಪಕ್ಕದಲ್ಲಿ ಅಕ್ಷರವೇ ಇರಲಿಲ್ಲ. ಆವಿ ಆರಿತು, ಕೊಂಬೂ ಹೋಯಿತು.

"ಹೆಸರು ಇತ್ತಮ್ಮಾ. ತಿಕ್ಕಿ ತಿಕ್ಕಿ..." ಅವರು ಚೀಟಿಯಲ್ಲಿ ಬರೆದರು: 'ಮಾಡಿದವರು ತಿಳಿದಿಲ್ಲ. ಕಾಲ ತಿಳಿದಿಲ್ಲ.'

ಅಕ್ಷರಗಳು ಮಸುಕಾದಾಗಲೆಲ್ಲ ತನ್ನ ಕಣ್ಣೇ ಮಂಜಾಯಿತೆಂದು ಅವಳು ಮೂರು ಸಲ ಕನ್ನಡಕ ಬದಲಿಸಿದ್ದಳು. ಈಗ ಫಳಫಳ ಹೊಳೆಯುವ ಆ ಅಂಚಿನಲ್ಲಿ ಕಾಣುತ್ತಿದ್ದುದು ಪರೀಕ್ಷಕರ ಹೆಬ್ಬೆರಳಿನ ಗುರುತೊಂದೇ. ಅವಳ ಕೈ ತಾನಾಗಿಯೇ ಚೀಲದೊಳಗಿನ ತಿಕ್ಕುವ ಬಟ್ಟೆಯನ್ನು ಹುಡುಕತೊಡಗಿತು.