ಕೆಳಗೆ ಇಳಿಯೋರು ಇದ್ದೀರಾ?

ಒಂದು ನಿಮಿಷ. ಇದನ್ನು ಪೂರ್ತಿ ಕೇಳಿ, ಆಮೇಲೆ ಬೇಕಾದರೆ ಅವಳನ್ನು ಬೈಯಿರಿ.

“ಕೆಳಗೆ ಇಳಿಯೋರು ಇದ್ದೀರೇನ್ರಪ್ಪಾ? ಬೇಗ ಹೇಳಿ! ಇಲ್ಲಾಂದ್ರೆ ಫ್ಲೈಓವರ್ ಹತ್ತಿಸ್ಬಿಡ್ತೀವಿ. ಕೆಳಗೆ ಸಿಕ್ಕಾಪಟ್ಟೆ ಜಾಮು, ಅರ್ಧ ಗಂಟೆ ಗ್ಯಾರಂಟಿ!” ಹೆಬ್ಬಾಳ ಹತ್ತಿರವಾಗುತ್ತಿದ್ದಂತೆ ಕಂಡಕ್ಟರ್ ಮುನಿಯಣ್ಣ ಮುಂದಿನ ಬಾಗಿಲಿನಿಂದ ಕೂಗಿದ. ಯಲಹಂಕದಿಂದ ಬರುವ ಆ ಖಾಸಗಿ ಬಸ್ಸಿನ ಪದ್ಧತಿಯೇ ಹಾಗೆ. ಯಾರಾದರೂ ‘ಇದ್ದೀವಿ’ ಎಂದರೆ ಕೆಳಗಿನ ಸ್ಟಾಪು, ಯಾರೂ ಉಸಿರೆತ್ತದಿದ್ದರೆ ಸೀದಾ ಮೇಲೆ.

ಕಾಲೇಜಿಗೆ ಹೊರಟಿದ್ದ ಧನುಶ್ರೀ ಪಕ್ಕದ ಸೀಟಿನತ್ತ ನೋಡಿದಳು. ಕಾಲ ಬುಡದಲ್ಲಿ ಸೀಬೆಹಣ್ಣಿನ ಬುಟ್ಟಿ ಇಟ್ಟುಕೊಂಡು ಹಣ್ಣು ಮಾರುವ ಅಜ್ಜಿ ಸೊಣ್ಣಮ್ಮ ಗೊರಕೆ ಹೊಡೆಯುತ್ತಿದ್ದಳು. “ಕೆಳಗಿನ ಸ್ಟಾಪ್ ಬಂದ್ರೆ ಎಬ್ಬಿಸ್ಬುಡವ್ವ” ಎಂದು ಹೇಳಿ ಮಲಗಿ ಹತ್ತು ನಿಮಿಷವೂ ಆಗಿರಲಿಲ್ಲ. ಧನುಶ್ರೀ “ಆಯ್ತಜ್ಜಿ” ಎಂದೂ ಆಗಿತ್ತು.

ಅಷ್ಟರಲ್ಲಿ ಫೋನು. ಚರ್ಚಾಸ್ಪರ್ಧೆಯ ಜೊತೆಗಾರ ಮನೋಹರ್, ಆರ್.ಟಿ. ನಗರದ ಕಾಲೇಜಿನಿಂದ. “ಎಲ್ಲಿದ್ದೀಯಾ? ಫೈನಲ್ ಕಣೇ! ಹತ್ತಕ್ಕೆ ಇಲ್ದಿದ್ರೆ ಟೀಮೇ ಔಟಂತೆ!”

“ಹೆಬ್ಬಾಳ ಮಗಾ. ಬಂದೆ, ಬಂದೆ.”

“ಮೇಲಿಂದ ಬಾ ತಾಯಿ! ಕೆಳಗಿಂದ ಬಂದ್ರೆ ನಾಳೆ ಬರ್ತೀಯ!”

ಆಗಲೇ ಒಂಬತ್ತೂವರೆ. ಚರ್ಚೆಯ ವಿಷಯ: ‘ಸಾರಿಗೆಯ ದುಡ್ಡು ಮೇಲ್ಸೇತುವೆಗೋ, ಬಸ್ಸಿಗೋ?’ ಅವಳದು ಬಸ್ಸಿನ ಪರ. ಸ್ಟಾಪಿನಲ್ಲಿ ಇಳಿಯುವವರನ್ನು ಮರೆತ ಊರು ಊರೇ ಅಲ್ಲ ಎಂದು ಮೂರು ವಾರ ಕನ್ನಡಿಯ ಮುಂದೆ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿದ್ದಳು.

“ಲಾಸ್ಟ್ ಸಲ ಕೇಳ್ತಿದೀನಿ! ಯಾರಾದ್ರೂ?”

ಧನುಶ್ರೀ ಬಾಯಿ ತೆರೆದಳು. ಮುಚ್ಚಿದಳು. “ರೈಟ್ ರೈಟ್” ಎಂದ ಮುನಿಯಣ್ಣ. ಬಸ್ಸು ಮೇಲೇರಿತು.

ಸೇತುವೆ ಇಳಿಯುವಾಗ ಸೊಣ್ಣಮ್ಮನಿಗೆ ಎಚ್ಚರವಾಯಿತು. “ಅಯ್ಯೋ, ನಂದು ದಾಟೋಯ್ತಾ?”

ಧನುಶ್ರೀ ಭಾಷಣದ ಹಾಳೆಗಳತ್ತ ತಲೆ ತಗ್ಗಿಸಿದಳು. ಅಜ್ಜಿ ಅವಳ ತೊಡೆಯ ಮೇಲಿದ್ದ ಹಾಳೆಗಳನ್ನು ನೋಡಿದಳು. “ಓದ್ಕೊಂಡು ಓದ್ಕೊಂಡು ನಿಂಗೂ ಗ್ಯಾನ ಇಲ್ದಂಗಾಯ್ತು, ಬುಡು. ಪರೀಕ್ಸೆನಾ? ಚೆಂದಾಗ್ ಮಾಡವ್ವ.” ಮುಂದಿನ ಸ್ಟಾಪಿನಲ್ಲಿ ಇಳಿದು, ಬುಟ್ಟಿ ತಲೆಗೇರಿಸಿಕೊಂಡು, ಬಿಸಿಲಲ್ಲಿ ಬಂದ ದಾರಿಗೇ ತಿರುಗಿ ನಡೆದಳು.

ಒಂಬತ್ತು ಐವತ್ತೆಂಟಕ್ಕೆ ಧನುಶ್ರೀ ಸಭಾಂಗಣ ಹೊಕ್ಕಳು. ಕರೆದ ಮೊದಲ ಹೆಸರೇ ಅವಳದು. ಮನೋಹರ್ ಹೆಬ್ಬೆರಳು ಎತ್ತಿ ತೋರಿಸುತ್ತಿದ್ದಾನೆ, ತೀರ್ಪುಗಾರರು ಪೆನ್ನಿನ ಮುಚ್ಚಳ ತೆಗೆದಿದ್ದಾರೆ, ಎದುರಿಗೆ ಮೈಕು. ಬಸ್ಸಿನ ಪರ, ಐದು ನಿಮಿಷ.

ಈಗ ಹೇಳಿ, ಅಲ್ಲಿ ನಿಂತಿದ್ದವರು ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?