ಹನ್ನೆರಡು ಇಂಚು ಮಳೆ

ಬಂಟ್ವಾಳದ ನೆರೆ ಇಳಿದಿತ್ತು. ಹಟ್ಟಿಯಲ್ಲಿ ಕಟ್ಟಿದಲ್ಲೇ ಮುಳುಗಿ ಸತ್ತ ದನಕ್ಕೆ ವಿನೋದಾ ಹೊಂಡ ತೋಡುತ್ತಿದ್ದಾಗ ಅಣ್ಣ ಕಮಲಾಕ್ಷ ಬಂದ. ಬೆಳ್ತಂಗಡಿಯ ಮೇಲಿನ ಎಸ್ಟೇಟೊಂದರಲ್ಲಿ ದಿನಾ ಮಳೆ ಅಳೆಯುವುದು ಅವನ ಕೆಲಸ.

"ಹನ್ನೆರಡು ಇಂಚು ಮಾರಾಯ್ತಿ! ಇಂಥ ಮಳೆ ನಾನು ಅಳೆದದ್ದೇ ಇಲ್ಲ," ಎಂದ ಹೆಮ್ಮೆಯಿಂದ.

ವಿನೋದಾಳ ಕೈ ನಿಂತಿತು. "ಅಳೆದದ್ದು ಯಾವಾಗ?"

"ಮೊನ್ನೆ ಬೆಳಿಗ್ಗೆ."

"ಅಲ್ಲಿಯ ನೀರು ಇಳಿದು ಬಂದು ಇಲ್ಲಿ ಹೊಳೆ ಉಕ್ಕಿದ್ದು ಸಂಜೆಗೆ. ಬಸ್ಸಿನವರ ಹತ್ತಿರ ಒಂದು ಮಾತು ಹೇಳಿ ಕಳಿಸ್ಲಿಕ್ಕೆ ಆಗ್ಲಿಲ್ವಾ ಅಣ್ಣಾ? ದನದ ಹಗ್ಗ ಬಿಚ್ಚಿ ಗುಡ್ಡೆಗೆ ಅಟ್ಟುತ್ತಿದ್ದೆ!"

"ಧಣಿಗಳಿಗೆ ಹೇಳಿದ್ದೆ. ಬೇರೆಯವರಿಗೂ ತಿಳಿಸು ಅಂತ ನನಗೆ ಯಾರೂ ಹೇಳಿರ್ಲಿಲ್ಲ..."

ಅವಳು ಕೆಸರು ಮೆತ್ತಿದ ಹಾರೆಯನ್ನು ಅವನ ಬಿಳಿ ಅಂಗಿಯ ಎದೆಗೆ ಒತ್ತಿದಳು.

"ಅಂಗಿ ತೆಗೆದಿಡು. ಉಳಿದ ಹೊಂಡ ನೀನು ತೋಡು."

ಕಮಲಾಕ್ಷ ಸತ್ತ ದನವನ್ನು ಆಗಷ್ಟೇ ನೋಡಿದ. ಅಂಗಿ ಕಳಚತೊಡಗಿದ.