ನೀಲವ್ವನ ಮಗ್ಗದ ಕುಣಿ

"ಅಕ್ಕಾ, ನಾ ಬದುಕಿರೋತನಕ ನಿನ್ನ ಮಗ್ಗದ ಕುಣಿ ಯಾರೂ ಮುಟ್ಟೂದಿಲ್ಲ" ಎಂದು ಬನಪ್ಪ ತನ್ನ ಮೊದಲ ಚುನಾವಣೆಯ ಹಿಂದಿನ ದಿನ ನೀಲವ್ವನಿಗೆ ಮಾತು ಕೊಟ್ಟಿದ್ದ. ಮನೆಯ ನೆಲದಲ್ಲಿ ತೋಡಿದ ಆ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಅಕ್ಕ ನೇಯ್ದ ಶಲ್ಯ ಹೊದ್ದೇ ಗೆದ್ದ, ಎರಡು ಸಲ ಶಾಸಕನಾದ. ಆಮೇಲೆ ಒಕ್ಕೂಟ ಸರ್ಕಾರ ಅವನನ್ನು ಆಜೀವ ನ್ಯಾಯಾಧೀಶನನ್ನಾಗಿ ಮಾಡಿತು. ಎಲ್ಲ ನ್ಯಾಯಾಧೀಶರಿಗೂ ಮಾಡುವಂತೆ, ಪ್ರಮಾಣವಚನದ ದಿನ ಕಿವಿಯ ಹಿಂದೆ ಸೂಜಿ ಚುಚ್ಚಿ ಅವನ ಹಿಂದಿನ ಬದುಕನ್ನು ಅಳಿಸಿದರು. ಕಾನೂನು ಮಾತ್ರ ಉಳಿಯಿತು.

ಹನ್ನೊಂದು ವರ್ಷದ ಮೇಲೆ, ಮನೆ ಬಿಡಿಸಲು ಜನ ಬಂದಾಗ ಅದನ್ನು ಉಳಿಸಿಕೊಳ್ಳಲು ಕೇಸು ಹಾಕಿ, ನೀಲವ್ವ ಅವನೆದುರು ಕಟಕಟೆಯಲ್ಲಿ ನಿಂತಳು.

"ಸಾಹೇಬ್ರ ಜೋಡಿ ಸಂಬಂಧ ಹೇಳಿದ್ರ ಕೇಸು ಅಲ್ಲೇ ವಜಾ, ನೆನಪಿರ್ಲಿ ಯವ್ವಾ" ಎಂದು ಜವಾನ ಮೊದಲೇ ಎಚ್ಚರಿಸಿದ್ದ.

ನ್ಯಾಯಾಧೀಶರು ಹೆಸರುಗಳಿಗೆಲ್ಲ ಮಸಿ ಬಳಿದಿದ್ದ ಕಾಗದ ಓದಿದರು. "ನಿಮ್ಮ ಮನಿ ಜಾಗಾನ ಒಬ್ಬ ಶಾಸಕ ತನ್ನ ಪಕ್ಷದ ಕಚೇರಿಗೆ ಬರೆಸಿಕೊಂಡಾನ. ನೀವು ಹೆಬ್ಬಟ್ಟು ಒತ್ತೀರಿ."

"ನಂಬಿ ಒತ್ತಿದ್ನಿರಿ."

"ಕಾಗದ ಪಕ್ಕಾ ಅದ ತಾಯಿ. ಮನಿ ಬಿಡಬೇಕಾಗ್ತದ." ಅವರ ದನಿ ಮೆತ್ತಗಾಯಿತು. "ಆದ್ರ ಅವ ಎಂಥ ನೀಚ! ಹೆಸರು ಹೇಳ್ರಿ, ಜೈಲಿಗೆ ಹಾಕ್ತೀನಿ."

ನೀಲವ್ವ ಅವರ ಎಡಹುಬ್ಬಿನ ಮೇಲಿನ ಕಲೆ ನೋಡಿದಳು. ಚಿಕ್ಕವನಿದ್ದಾಗ ಮಗ್ಗದ ಕುಣಿಗೆ ಬಿದ್ದು ಆದ ಗಾಯ ಅದು.

"ಅವ ಸತ್ತು ಹನ್ನೊಂದು ವರ್ಷಾತ್ರಿ, ಸಾಹೇಬ್ರ."

"ಪುಣ್ಯವಂತ, ತಪ್ಪಿಸಿಕೊಂಡ" ಎಂದು ಅವರು ಮುಂದಿನ ಕೇಸು ಕೂಗಿಸಿದರು.

ಸಂಜೆಯೊಳಗೆ ಕುಣಿಗೆ ಮಣ್ಣು ಮುಚ್ಚಿದರು. ಬನಪ್ಪ ಕೊಟ್ಟ ಮಾತು ಮುರಿಯಲಿಲ್ಲ; ಅವನು ಬದುಕಿರುವತನಕ ಕುಣಿಯನ್ನು ಯಾರೂ ಮುಟ್ಟಿರಲಿಲ್ಲ.